ವಾಲಗದವರ ಹೆಸರು ಯಾಕಿಲ್ಲ?

ನಾನು ಮೂಡಿಗೆರೆಯವನು. ಈಗ ಇರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಜಾಜ್ ಅನ್ನುವ ಅಮೆರಿಕದ ಸಂಗೀತದ ಹೆಸರಾಂತ ಕಹಳೆಗಾರ ಲೂಯಿ ಆರ್ಮ್‌ಸ್ಟ್ರಾಂಗ್ 1943ರಿಂದ 1971ರಲ್ಲಿ ತೀರಿಕೊಳ್ಳುವವರೆಗೂ ಬಾಳಿದ ಮನೆ ಇಲ್ಲೇ ಇದೆ. ದೊಡ್ಡ ಬಂಗಲೆಯೇನಲ್ಲ, ಬೀದಿಯ ಉಳಿದ ಮನೆಗಳ ಹಾಗೇ ಇರುವ ಮನೆ. 2003ರಿಂದ ಅದು ಮ್ಯೂಸಿಯಂ. ಅವರು ಮನೆಯಲ್ಲೇ ಟೇಪ್ ಮಾಡಿಟ್ಟ ಮಾತುಗಳನ್ನು ಅಲ್ಲಿ ಕೇಳಿಸುತ್ತಾರೆ. 2023ರಲ್ಲಿ ರಸ್ತೆಯ ಆಚೆ ಬದಿಗೆ ಹೊಸ ಕಟ್ಟಡವನ್ನೂ ತೆರೆದಿದ್ದಾರೆ.

ಇಲ್ಲಿನ ಜಾಜ್ ಕ್ಲಬ್ಬುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಪದ್ಧತಿ. ಒಬ್ಬರು ಒಂಟಿಯಾಗಿ ನುಡಿಸಿ ಮುಗಿಸಿದ ಕೂಡಲೇ, ಹಾಡು ಇನ್ನೂ ನಡೆಯುತ್ತಿರುವಾಗಲೇ, ಜನ ಚಪ್ಪಾಳೆ ತಟ್ಟುತ್ತಾರೆ. ನಡುವೆ ಮುಖ್ಯ ಕಲಾವಿದರು ಮೈಕ್ ಹಿಡಿದು ಎಲ್ಲರ ಹೆಸರು ಹೇಳುತ್ತಾರೆ. ಹಿಂದೆ ಕೂತ ಡ್ರಮ್ಮಿನವರದ್ದೂ ತಪ್ಪುವುದಿಲ್ಲ.

ನಮ್ಮ ಕಡೆ ಮದುವೆ ನೆನಪಿಸಿಕೊಳ್ಳಿ. ಚಾರ್ಮಾಡಿ ಘಾಟಿ ಹತ್ತಿ ಬಂದ ಸ್ಯಾಕ್ಸೋಫೋನಿನವರು ಬೆಳಗಿನ ಜಾವವೇ ಮಂಟಪದ ಮೂಲೆಯಲ್ಲಿ ಕೂತಿರುತ್ತಾರೆ. ಕಲ್ಯಾಣಿ ರಾಗ ಎತ್ತಿಕೊಂಡು ನಿಧಾನಕ್ಕೆ ಮೇಲೇರುತ್ತಿರುತ್ತಾರೆ. ಅಷ್ಟರಲ್ಲಿ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅನ್ನುತ್ತಾರೆ. ರಾಗ ಅಲ್ಲಿಗೇ ನಿಲ್ಲುತ್ತದೆ. ಡೋಲಿನವರು ಜೋರಾಗಿ ಬಾರಿಸುತ್ತಾರೆ, ನಾವು ಅಕ್ಷತೆ ಹಾಕುತ್ತೇವೆ. ಶಾಸ್ತ್ರ ನಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲಾದರೂ ಆ ರಾಗ ಕೇಳಬೇಕು ಅಂತ ಯಾರಿಗೂ ಅನಿಸುವುದಿಲ್ಲ ಅಲ್ವಾ? ಊಟಕ್ಕೂ ಅವರದ್ದು ಕೊನೇ ಪಂಕ್ತಿ.

ಇಂಥ ವಾದ್ಯದ ಮನೆತನಗಳಿಂದಲೇ ಕದ್ರಿ ಗೋಪಾಲನಾಥ್ ಬಂದರು. ತಂದೆ ನಾಗಸ್ವರ ನುಡಿಸುತ್ತಿದ್ದರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮಗ ಮನಸೋತರು, ಅದರಲ್ಲೇ ಕರ್ನಾಟಕ ಸಂಗೀತ ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅಮೆರಿಕದಲ್ಲೇ ಬೆಳೆದ ಜಾಜ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಇವರ ಜೊತೆ ಸೇರಿ 2008ರಲ್ಲಿ ಆಲ್ಬಮ್ ತಂದರು. 2019ರಲ್ಲಿ ಗೋಪಾಲನಾಥ್ ತೀರಿಕೊಂಡಾಗ ನಾವೆಲ್ಲ ಹೆಮ್ಮೆಯಿಂದ ಮಾತಾಡಿದೆವು. ಅದೇ ವಾದ್ಯವನ್ನು ನಮ್ಮ ಮನೆ ಮದುವೆಯಲ್ಲಿ ನುಡಿಸುವವರಿಗೆ ಮಾತ್ರ ಹೆಸರಿಲ್ಲ.

ಜಾಜ್ ಕೂಡ ಬೀದಿಯಲ್ಲಿ, ಮೆರವಣಿಗೆಯಲ್ಲಿ ಬೆಳೆದದ್ದೇ. ಅದರ ತವರೂರಾದ, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇವತ್ತಿಗೂ ಶವಯಾತ್ರೆಗೆ ಬ್ಯಾಂಡ್ ಬರುತ್ತದೆ. ಮಣ್ಣು ಮಾಡಲು ಹೋಗುವಾಗ ನಿಧಾನದ ಭಜನೆ, ಆಮೇಲೆ ಕುಣಿಯುವ ಹಾಡು. ನಮ್ಮಲ್ಲಿ ತಮಟೆಯ ಜೊತೆ ಸಾವಿನ ಮೆರವಣಿಗೆ ಸಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನ್ಯೂಯಾರ್ಕಿನದ್ದೆಲ್ಲ ಒಳ್ಳೇದು ಅಂತಲ್ಲ. ಹೆಸರಾದ ಕ್ಲಬ್ಬಿನಲ್ಲಿ ಟಿಕೆಟ್ಟಿನ ಜೊತೆಗೆ ಕುಡಿಯಲೋ ತಿನ್ನಲೋ ಇಂತಿಷ್ಟು ತಗೊಳ್ಳಲೇಬೇಕು. ಸಂಸಾರ ಕಟ್ಟಿಕೊಂಡು ಹೋದರೆ ಜೇಬು ಖಾಲಿ. ನಮ್ಮೂರಲ್ಲಿ ತೇರಿನ ದಿನ ಯಾರು ಬೇಕಾದರೂ ಬಂದು ನಿಂತು ಕೇಳಬಹುದು. ಇಂಥ ಭಾಗ್ಯ ಕೈಯಲ್ಲಿಟ್ಟುಕೊಂಡು ನಾವು ಕಿವಿಯನ್ನೇ ಕೊಡುತ್ತಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಲಗ್ನಪತ್ರಿಕೆಯಲ್ಲಿ ಸೋದರಮಾವ, ಚಿಕ್ಕಪ್ಪ, ಪುಟಾಣಿಗಳು ಎಲ್ಲರ ಹೆಸರೂ ಇರುತ್ತದೆ. ವಾಲಗದವರದ್ದಕ್ಕೆ ಒಂದು ಸಾಲು ಸಾಕು. ಧಾರೆ ಮುಗಿದ ಮೇಲೆ ಕಾಲು ಗಂಟೆ ಮೈಕ್ ಅವರ ಮುಂದಿಡಿ, ನುಡಿಸಿದವರು ಇಂಥವರು ಅಂತ ಹೇಳಿ. ಬರುವ ಮಾಘದಲ್ಲಿ ತಂಗಿಯ ಮಗಳ ಮದುವೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಆಯ್ತಣ್ಣ, ಪತ್ರಿಕೆ ಇನ್ನೂ ಅಚ್ಚಿಗೆ ಕೊಟ್ಟಿಲ್ಲ. ಅವರ ಹೆಸರು ಕೇಳಿ ಬರೆಸ್ತೀನಿ" ಅಂದಿದ್ದಾಳೆ.