ಶಾಂತಿ ಸಭೆಯಲ್ಲಿ ಹುಡುಗರು ಯಾಕಿಲ್ಲ?

ಗಣೇಶ ಹಬ್ಬವೋ ಈದೋ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ಠಾಣೆಗಳಲ್ಲಿ ಶಾಂತಿ ಸಭೆ ಶುರು. ಓಣಿಯ ಹಿರಿಯರು ಬರುತ್ತಾರೆ, ಯಾರಾದರೊಬ್ಬರು ಶಿಶುನಾಳ ಶರೀಫರನ್ನೂ ಗುರು ಗೋವಿಂದ ಭಟ್ಟರನ್ನೂ ನೆನೆಯುತ್ತಾರೆ, ಚಹಾ ಮತ್ತು ಫೋಟೊ ಮುಗಿಸಿ ಏಳುತ್ತಾರೆ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನನ್ನೂ ನಾನು ಅಲ್ಲಿ ಕಂಡಿಲ್ಲ. ಕಲ್ಲು ಕೈಗೆ ಬರುವ ವಯಸ್ಸಾದರೋ ಅದೇ.

2022ರ ಏಪ್ರಿಲ್ 16ರ ರಾತ್ರಿ ಒಂದು ಮೊಬೈಲ್ ಸ್ಟೇಟಸ್ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಗಲಭೆಯಾಗಿ, ಪೊಲೀಸರು ಗಾಯಗೊಂಡು, ನೂರಕ್ಕೂ ಹೆಚ್ಚು ಜನ ಬಂಧಿತರಾದರು. ಆಮೇಲೆ ಉಳಿದದ್ದು ಪ್ರಕರಣ ಹಿಂಪಡೆಯಬೇಕೋ ಬೇಡವೋ ಎಂಬ ರಾಜಕೀಯ ಜಗಳ.

ನಿರುದ್ಯೋಗವೇ ಇದಕ್ಕೆಲ್ಲ ಕಾರಣ ಎನ್ನುವವರಿದ್ದಾರೆ. ಧಾರವಾಡದ ಸಪ್ತಾಪುರದಲ್ಲಿ ಸರ್ಕಾರಿ ನೌಕರಿಗೆ ಓದುತ್ತ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯುವ ಹುಡುಗರನ್ನು ನೋಡಿ, ಅವರೇನು ಕಲ್ಲೆತ್ತಿದ್ದಾರೆಯೇ? ಮನೆಯಲ್ಲಿ ಕೆಲಸಕ್ಕೆ ಬಾರದವನೆಂದು ಬೈಸಿಕೊಂಡವನ ಮುಖ ಸರ್ಕಲ್‌ನ ಫ್ಲೆಕ್ಸ್‌ನಲ್ಲಿ ನಾಯಕರ ಪಕ್ಕ ಕಾಣಿಸುತ್ತದಲ್ಲ, ಗಾಳ ಬೀಳುವುದು ಅಲ್ಲಿ. ಮೊದಲು ಹುಟ್ಟುಹಬ್ಬದ ಶುಭಾಶಯ, ಆಮೇಲೆ ಗುಂಪು, ದ್ವೇಷದ ಪಾಠ ಕೊನೆಗೆ. ಎರಡೂ ಧರ್ಮದ ಬೀದಿಗಳಲ್ಲಿ ಇದೇ ಕ್ರಮ. ಒಮ್ಮೆ ಕೇಸ್ ಬಿತ್ತೆಂದರೆ ಕಾಲೇಜು, ನೌಕರಿ, ಸಂಬಂಧಿಕರು ಎಲ್ಲರೂ ದೂರ. ಜಾಮೀನಿಗೆ ವಕೀಲರನ್ನು ಕಳಿಸಿದವರೇ ಅವನ ಪಾಲಿಗೆ ದೇವರು. ಹಾಗೆ ನಾವೇ ಅವನನ್ನು ಅವರ ಕೈಗೆ ಒಪ್ಪಿಸುತ್ತೇವೆ.

ಡೆನ್ಮಾರ್ಕ್‌ನ ಆರ್ಹುಸ್ ನಗರದಿಂದ 2013ರ ಹೊತ್ತಿಗೆ ಸುಮಾರು 30 ಯುವಕರು ಸಿರಿಯಾದ ಯುದ್ಧಕ್ಕೆ ಹೋಗಿದ್ದರು. ಮರಳಿದವರಲ್ಲಿ ಅಪರಾಧ ಸಾಬೀತಾಗದವರಿಗೆ ಅಲ್ಲಿನ ಪೊಲೀಸರೂ ನಗರಸಭೆಯೂ ಕೂಡಿ ಓದು, ಕೆಲಸ, ವಸತಿಗೆ ನೆರವಾಗಿ, ಮಾತನಾಡಲು ಒಬ್ಬ ಮಾರ್ಗದರ್ಶಕನನ್ನು ಕೊಟ್ಟರು. ಅಪರಾಧ ಮಾಡಿದವರಿಗೆ ರಿಯಾಯಿತಿ ಇರಲಿಲ್ಲ. ಮುದ್ದು ಮಾಡುತ್ತಿದ್ದಾರೆ ಎಂದು ಅಲ್ಲಿಯೂ ಟೀಕಿಸಿದರು. ಆದರೆ ಮರುವರ್ಷ ಹೊರಟವರ ಸಂಖ್ಯೆ ತೀರಾ ಇಳಿಯಿತು. ಅದಕ್ಕೆ ಈ ಯೋಜನೆಯೊಂದೇ ಕಾರಣ ಎನ್ನಲಾಗದು, ಆದರೂ ಮಾಡಿ ನೋಡುವಂಥದ್ದು.

ನಮಗೆ ಡೆನ್ಮಾರ್ಕ್‌ನ ಹಣ ಬೇಕಿಲ್ಲ. ಗರಡಿಮನೆಯ ವಸ್ತಾದರು, ಐಟಿಐ ಶಿಕ್ಷಕರು, ಕ್ರಿಕೆಟ್ ಕಲಿಸುವವರು ನಮ್ಮಲ್ಲಿ ಇದ್ದಾರೆ. ಹುಡುಗರು ಇವರ ಮಾತು ಕೇಳುತ್ತಾರೆ, ಸಭೆಗೆ ಮಾತ್ರ ಇವರನ್ನು ಯಾರೂ ಕರೆಯುವುದಿಲ್ಲ. ಜೊತೆಗೆ ಠಾಣೆಯ ಹೊರಗೆ ಒಂದು ಕೋಣೆ, ಒಬ್ಬ ಆಪ್ತ ಸಮಾಲೋಚಕರು ಬೇಕು. ಮಗನ ಮೊಬೈಲ್ ನೋಡಿ ಹೆದರಿದ ತಾಯಿಗೆ ಇಂದು ಹೋಗಲು ಇರುವುದು ಠಾಣೆಯೊಂದೇ. ಮಗನ ಹೆಸರು ಪೊಲೀಸರ ಪಟ್ಟಿಗೆ ಸೇರೀತೆಂಬ ಭಯಕ್ಕೆ ಆಕೆ ಅಲ್ಲಿಗೂ ಹೋಗುವುದಿಲ್ಲ.