ಗ್ರೀಕರ ಕಂಚಿನ ನಾಣ್ಯ: ಮನೆಯಲ್ಲಿ ಕೂಡಿಡಬಹುದೇ?

ಪರ: ಸಂತೆಯ ಚಿಲ್ಲರೆಯಲ್ಲೇ ಜನರ ಬದುಕಿದೆ

ಗ್ರೀಕ್ ನಾಣ್ಯ ಅಂದ ಕೂಡಲೇ ಅಥೆನ್ಸಿನ ಗೂಬೆಯ ಬೆಳ್ಳಿ ನಾಣ್ಯ ನೆನಪಾಗುತ್ತದೆ. ಬೆಳ್ಳಿ ಸೈನಿಕರ ಸಂಬಳಕ್ಕೆ, ದೊಡ್ಡ ವ್ಯಾಪಾರಕ್ಕೆ ಹೋಗುತ್ತಿತ್ತು. ಮೀನು, ಸೊಪ್ಪು ಕೊಳ್ಳಲು ಜನ ಎಣಿಸಿ ಕೊಡುತ್ತಿದ್ದದ್ದು ಕಂಚು.

ಸಿಸಿಲಿಯ ಸಿರಾಕ್ಯೂಸಿನಲ್ಲಿ ರಾಜ ಎರಡನೇ ಹೀರೋನ್ ಹೊರಡಿಸಿದ ನಾಣ್ಯವನ್ನೇ ನೋಡಿ. ಒಂದು ಕಡೆ ಸಮುದ್ರದೇವ ಪೊಸೈಡನ್‌ನ ತಲೆ. ಇನ್ನೊಂದು ಕಡೆ ತ್ರಿಶೂಲ, ಅದರ ಎಡಬಲಕ್ಕೆ ಡಾಲ್ಫಿನ್. ಆರ್ಕಿಮಿಡೀಸ್ ಬದುಕಿದ್ದಾಗ ಅವನ ಊರಿನಲ್ಲಿ ಓಡಾಡಿದ ಚಿಲ್ಲರೆ ಇದು. ಇಂಥವು ರಾಶಿ ರಾಶಿ ಸಿಕ್ಕಿವೆ. ಆಸಕ್ತಿ ಇರುವವರು ಒಂದನ್ನು ತಂದು, ಅದರ ಬಗ್ಗೆ ಓದಿ, ಜೋಪಾನ ಮಾಡಿದರೆ ಒಳ್ಳೆಯದೇ ಅಲ್ವಾ?

ಜೋಪಾನ ಮಾಡುವುದೂ ಒಂದು ವಿದ್ಯೆ. ತಾಮ್ರದ ಚೊಂಬಿನ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದಿರೋ, ಮುಗಿಯಿತು. ಗಟ್ಟಿಯಾಗಿ ಕೂತ ಕಡುಹಸಿರು ಕಿಲುಬೇ ಕೆಳಗಿನ ಅಚ್ಚನ್ನು ಕಾಯುತ್ತಿರುತ್ತದೆ. ತಿಳಿಹಸಿರು ಪುಡಿ ಉದುರಲು ಶುರುವಾದರೆ ಮಾತ್ರ ಎಚ್ಚರವಾಗಬೇಕು. ತೇವ ಸಿಕ್ಕಷ್ಟೂ ಅದು ಲೋಹವನ್ನೇ ತಿನ್ನುತ್ತಾ ಹೋಗುತ್ತದೆ.

ನಮ್ಮ ಇತಿಹಾಸದ ಮೇಲೂ ಸಂಗ್ರಾಹಕರ ಋಣವಿದೆ. 1833ರಿಂದ ಬ್ರಿಟಿಷ್ ಅನ್ವೇಷಕ ಚಾರ್ಲ್ಸ್ ಮ್ಯಾಸನ್ ಅಫ್ಘಾನಿಸ್ತಾನದ ಬೆಗ್ರಾಮ್‌ನಲ್ಲಿ ಸಾವಿರಾರು ನಾಣ್ಯ ಕೂಡಿಹಾಕಿದ. ಹೆಚ್ಚಿನವು ತಾಮ್ರದವು. ಆ ಕಡೆ ಆಳಿದ ಗ್ರೀಕ್ ರಾಜರ, ಅಂದರೆ ಇಂಡೋ-ಗ್ರೀಕರ ನಾಣ್ಯಗಳಲ್ಲಿ ಒಂದು ಬದಿ ಗ್ರೀಕ್, ಇನ್ನೊಂದು ಬದಿ ವಾಯವ್ಯ ಭಾರತದ ಹಳೆಯ ಲಿಪಿ ಖರೋಷ್ಠಿ ಇರುತ್ತಿತ್ತು. ಎರಡರಲ್ಲೂ ಇದ್ದ ರಾಜರ ಹೆಸರು ಹಿಡಿದೇ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಮುಂತಾದವರು ಖರೋಷ್ಠಿ ಲಿಪಿಯನ್ನು ಬಿಡಿಸಿದರು.

ವಿರೋಧ: ಸಿಕ್ಕ ಜಾಗ ಯಾವುದು?

ಕಂಚು ಊರು ಬಿಟ್ಟು ಹೆಚ್ಚು ದೂರ ಹೋಗುತ್ತಿರಲಿಲ್ಲ. ಅದಕ್ಕೇ ಅದು ಎಲ್ಲಿ ಸಿಕ್ಕಿತು ಎನ್ನುವುದು ಅಷ್ಟು ಮುಖ್ಯ. ಒಂದೇ ಪಟ್ಟಣದ ಸಣ್ಣ ನಾಣ್ಯಗಳು ಒಂದು ಬಯಲಿನಲ್ಲಿ ಜಾಸ್ತಿ ಸಿಕ್ಕರೆ, ಅಲ್ಲಿನ ಹೆಸರಿಲ್ಲದ ಪಾಳುಗೋಡೆಗಳು ಯಾವ ಊರಿನವು ಎಂದು ಪತ್ತೆ ಹಚ್ಚಲು ದಾರಿಯಾಗುತ್ತದೆ.

ಉತ್ತರ ಗ್ರೀಸಿನ ಒಲಿಂಥಸ್ ಊರನ್ನು ಮ್ಯಾಸಿಡೋನಿಯದ ಎರಡನೇ ಫಿಲಿಪ್ ಕ್ರಿ.ಪೂ. 348ರಲ್ಲಿ ಹಾಳುಗೆಡವಿದ. 1928ರಲ್ಲಿ ಅಮೆರಿಕದ ತಂಡವೊಂದು ಅಲ್ಲಿ ಅಗೆಯಲು ಶುರುಮಾಡಿತು. ಯಾವ ನಾಣ್ಯ ಯಾವ ಮನೆಯಲ್ಲಿ ಸಿಕ್ಕಿತು ಎಂದು ಅವರು ಬರೆದಿಟ್ಟರು. ಹಾಗಾಗಿ ಆ ನಾಣ್ಯಗಳಿಂದ ಮನೆಗಳ ಕಾಲ, ಅಲ್ಲಿದ್ದವರ ವ್ಯವಹಾರ ಎಲ್ಲವನ್ನೂ ಕೇಳಬಹುದು. ಅವೇ ನಾಣ್ಯಗಳು ಯಾರದೋ ಜೇಬು ಸೇರಿದ್ದರೆ ಕೇಳಲು ಏನು ಉಳಿಯುತ್ತಿತ್ತು?

ಈಗ ಮಾರಾಟಕ್ಕಿರುವ ನಾಣ್ಯದ ಚೀಟಿ ಓದಿ. ರಾಜನ ಹೆಸರು, ತೂಕ, ಅಳತೆ ಇರುತ್ತವೆ. ಸಿಕ್ಕ ಜಾಗ ಸಾಮಾನ್ಯವಾಗಿ ಇರುವುದಿಲ್ಲ. ರಾತ್ರಿ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಬಗೆದವನು ಅದನ್ನು ಹೇಳುವುದೂ ಇಲ್ಲ. ಕಂಚು ಅಗ್ಗ, ಅದಕ್ಕಾಗಿ ಯಾರು ಅಗೆಯುತ್ತಾರೆ ಅನ್ನುವ ವಾದವಿದೆ. ಒಪ್ಪಲಾಗದು. ಮಣ್ಣು ಮೆತ್ತಿದ ಕಂಚಿನ ನಾಣ್ಯಗಳನ್ನು ಗುಂಪುಗುಂಪಾಗಿಯೇ ಮಾರುತ್ತಾರೆ, ಕೊಳ್ಳುವವರೂ ಇದ್ದಾರೆ.

ಮ್ಯಾಸನ್ ಅಲೆದ ಅದೇ ಅಫ್ಘಾನಿಸ್ತಾನದ ಮೀರ್ ಜಕಾದಲ್ಲಿ 1990ರ ದಶಕದಲ್ಲಿ ಟನ್‌ಗಟ್ಟಲೆ ನಾಣ್ಯ ತೆಗೆದರು. ಬಹಳಷ್ಟು ಪೇಶಾವರದ ಬಜಾರಿಗೆ ಹೋಗಿ, ಅಲ್ಲಿಂದ ದೇಶದೇಶಕ್ಕೆ ಚದುರಿಹೋಯಿತು. ಯಾವುದರ ಜೊತೆ ಯಾವುದಿತ್ತು ಎಂದು ಇನ್ನು ಯಾರೂ ಕೂಡಿಸಲಾರರು.

ಕದ್ದ ಪುರಾತನ ವಸ್ತುಗಳ ಸಾಗಣೆ ತಡೆಯಲು ಯುನೆಸ್ಕೊ ಒಪ್ಪಂದವಾದದ್ದು 1970ರಲ್ಲಿ. ಅದಕ್ಕೆ ಮೊದಲೇ ಯಾರದೋ ಸಂಗ್ರಹದಲ್ಲಿತ್ತು ಎಂದು ಕಾಗದ ತೋರಿಸಿದರೆ ಆ ಮಾತು ಬೇರೆ. ಕಾಗದವಿಲ್ಲದ ನಾಣ್ಯ ಎಷ್ಟೇ ಚೆಂದವಿರಲಿ, ಎಷ್ಟೇ ಅಗ್ಗವಿರಲಿ, ಕೊಳ್ಳಬಾರದು.