ಯೂಬರಿಯ ಬಿಲ್ ಯಾರು ಕಟ್ಟಿದ್ದು?

ಹೋದ ಫೆಬ್ರವರಿಯಲ್ಲಿ ಯೂಬರಿಗೆ ಹೋಗಿ ಬಂದೆ. ಜಪಾನಿನ ಉತ್ತರದ ಹೊಕ್ಕೈಡೋದಲ್ಲಿ, ಬೆಟ್ಟಗಳ ಸಂದಿಯಲ್ಲಿರುವ ಊರು. "ಆ ದಿವಾಳಿ ಊರಿಗಾ? ಅದೂ ಈ ಚಳೀಲಿ?" ಅಂತ ಸಪ್ಪೊರೊದಲ್ಲಿ ಪರಿಚಯದವರು ನಕ್ಕರು. ಯೂಬರಿ ಅಂದರೆ ಅಲ್ಲಿ ಜನಕ್ಕೆ ನೆನಪಾಗುವುದು ಎರಡೇ. ಕರಬೂಜ, ದಿವಾಳಿ.

ಕರಬೂಜದ ವಿಷಯ ಬೇಗ ಮುಗಿಸಿಬಿಡುತ್ತೇನೆ. 2019ರ ಹರಾಜಿನಲ್ಲಿ ಒಂದು ಜೋಡಿ ಯೂಬರಿ ಕರಬೂಜ 50 ಲಕ್ಷ ಯೆನ್‌ಗೆ ಹೋಯಿತು. ನಾನು ತಿಂದಿದ್ದು ಅದರ ಜೆಲ್ಲಿ ಮಾತ್ರ. ಚೆನ್ನಾಗಿತ್ತು.

ರೈಲು ಈಗ ಶಿನ್-ಯೂಬರಿವರೆಗೆ ಮಾತ್ರ. ಅಲ್ಲಿಂದ ಊರೊಳಗೆ ಹೋಗುತ್ತಿದ್ದ 16.1 ಕಿಲೋಮೀಟರ್ ದಾರಿಯನ್ನು 2019ರ ಏಪ್ರಿಲ್‌ನಲ್ಲಿ ಮುಚ್ಚಿದರು. ಬಸ್ಸು ಹಿಡಿದೆ. ಡ್ರೈವರ್ ಬಿಟ್ಟರೆ ನಾನು, ಇನ್ನೊಬ್ಬ ಹೈಸ್ಕೂಲ್ ಹುಡುಗ. ಎರಡೂ ಕಡೆ ಆಳೆತ್ತರ ಹಿಮ. ರಸ್ತೆ ಎಲ್ಲಿ ಮುಗಿದು ಚರಂಡಿ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ ಕಂಬಗಳಿಂದ ಕೆಂಪು-ಬಿಳಿ ಬಾಣಗಳನ್ನು ನೇತು ಹಾಕಿದ್ದಾರೆ. ಬಾಣ ತೋರಿಸುವ ಜಾಗವೇ ರಸ್ತೆಯ ಅಂಚು. ಡ್ರೈವರ್ ಕೆಳಗೆ ನೋಡುವುದಕ್ಕಿಂತ ಮೇಲೆ ನೋಡಿದ್ದೇ ಜಾಸ್ತಿ.

ಊರಿನ ಕಲ್ಲಿದ್ದಲು ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ವಿಚಾರಿಸದೆ ಹೋಗಿದ್ದು ನನ್ನದೇ ತಪ್ಪು. ಹತ್ತಿರದಲ್ಲೇ 1888ರಲ್ಲಿ ಸಿಕ್ಕ ಕಲ್ಲಿದ್ದಲಿನ ಪದರವಿದೆ. 24 ಅಡಿ ದಪ್ಪ, ಗೋಡೆ ಎದ್ದ ಹಾಗೆ ನೆಲದ ಮೇಲೇ ಕಾಣುತ್ತದಂತೆ. ನನಗೆ ಕಂಡಿದ್ದು ಹಿಮ. ಸುಮ್ನೆ ಒಂದು ಹೋಟೆಲಿಗೆ ಹೋಗಿ ಕರ್ರಿ ಸೋಬಾ ತಿಂದೆ. ಇದು ಈ ಊರಿನದೇ ತಿಂಡಿ. ಗಟ್ಟಿ ಕರ್ರಿ ಸಾರಿನೊಳಗೆ ಬಕ್‌ವೀಟ್ ಅನ್ನುವ ಧಾನ್ಯದ ಶಾವಿಗೆ. ಖಾರ ಇಲ್ಲ, ಸ್ವಲ್ಪ ಸಿಹಿ, ಬಾಯಿ ಸುಡುವಷ್ಟು ಬಿಸಿ. ಆ ಚಳಿಗೆ ಅಮೃತ.

1960ರ ಹೊತ್ತಿಗೆ ಇಲ್ಲಿ ಸುಮಾರು 1 ಲಕ್ಷ 17 ಸಾವಿರ ಜನ ಇದ್ದರು. ಒಂದು ಕಾಲಕ್ಕೆ 24 ಗಣಿಗಳಿದ್ದವು. ಈಗಿನ ಜನಸಂಖ್ಯೆ 7 ಸಾವಿರಕ್ಕೂ ಕಡಿಮೆ. ಹೊರಗಿನವರು ಹೇಳುವ ಕಥೆ ಹೀಗಿದೆ: ಗಣಿ ಮುಚ್ಚಿತು, ನಗರಸಭೆಗೆ ತಲೆ ಕೆಟ್ಟಿತು, ಸಾಲ ಮಾಡಿ ಜೈಂಟ್ ವೀಲ್, ರೋಲರ್ ಕೋಸ್ಟರ್ ಇರುವ ಪಾರ್ಕ್ ಕಟ್ಟಿತು, ಜನ ಬರಲಿಲ್ಲ, ದಿವಾಳಿ ಆಯಿತು. ಹೇಳಲು ಸುಲಭ, ಕೇಳಿ ನಗಲೂ ಸುಲಭ. ಆಗಿನ ಘೋಷಣೆಗೆ ಪ್ರಾಸವೂ ಇತ್ತು. 'ತಾಂಕೋ'ದಿಂದ 'ಕಾಂಕೋ'ಗೆ, ಅಂದರೆ ಗಣಿಯಿಂದ ಪ್ರವಾಸೋದ್ಯಮಕ್ಕೆ. ಇಂಥ ಘೋಷಣೆಗೆ ಮರುಳಾಗದ ಊರು ಯಾವುದಿದೆ ಹೇಳಿ?

ಈ ಕಥೆಯಲ್ಲಿ ನಲ್ಲಿ ನೀರು ಎಲ್ಲೂ ಬರುವುದಿಲ್ಲ. ನನ್ನ ತಕರಾರು ಅದೇ.

ಗಣಿ ಊರುಗಳಲ್ಲಿ ಮನೆ, ನೀರು, ಸ್ನಾನದ ಮನೆ, ಆಸ್ಪತ್ರೆ ಎಲ್ಲ ಕಂಪನಿಯದು. ಕಂಪನಿ ಹೋದ ಮೇಲೂ ಜನ ನೀರು ಕುಡಿಯಬೇಕಲ್ವಾ? ಕಾಯಿಲೆಯೂ ಬೀಳುತ್ತಾರೆ. ಹಾಗಾಗಿ ಕಂಪನಿ ಬಿಟ್ಟುಹೋದ ಹಳೇ ಮನೆಗಳು, ಪೈಪುಗಳು, ಆಸ್ಪತ್ರೆ ನಗರಸಭೆಯ ತಲೆಗೆ ಬಂದವು. ಇದಕ್ಕೆ ಖರ್ಚಾಗಿದ್ದು ಸುಮಾರು 5,830 ಕೋಟಿ ಯೆನ್. 2007ರಲ್ಲಿ ದಿವಾಳಿ ಅಂತ ಘೋಷಿಸಿದಾಗ ತೀರಿಸಬೇಕಿದ್ದ ಸಾಲ ಸುಮಾರು 3,530 ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅವನ ಟೋಪಿ ಇವನಿಗೆ, ಇವನ ಟೋಪಿ ಅವನಿಗೆ ಹಾಕಿ ವರ್ಷಗಟ್ಟಲೆ ಲೆಕ್ಕ ಮುಚ್ಚಿಟ್ಟಿದ್ದು ನಗರಸಭೆಯ ತಪ್ಪೇ. ಪಾರ್ಕೂ ತಪ್ಪೇ. ಆದರೆ ಬರೀ ಜೈಂಟ್ ವೀಲ್‌ನಿಂದ ಇಷ್ಟು ದೊಡ್ಡ ಗುಂಡಿ ಬೀಳುವುದಿಲ್ಲ.

ಯೂಬರಿಯದು ಉಕ್ಕಿನ ಕುಲುಮೆಗೆ ಹೇಳಿಮಾಡಿಸಿದ ಕಲ್ಲಿದ್ದಲು. ಯುದ್ಧದಲ್ಲಿ ಸೋತ ಜಪಾನ್ ಎದ್ದು ನಿಂತಿದ್ದರಲ್ಲಿ ಅದರದೂ ಪಾಲಿದೆ. ಆಮೇಲೆ ಪೆಟ್ರೋಲಿಯಂ ಬಂತು, ಹೊರದೇಶದ ಅಗ್ಗದ ಕಲ್ಲಿದ್ದಲು ಬಂತು. 1981ರ ಅಕ್ಟೋಬರ್ 16ರಂದು ಇಲ್ಲಿನ ಹೊಸ ಗಣಿಯೊಂದರಲ್ಲಿ ಅನಿಲ ಸೋರಿ, ಬೆಂಕಿ ಹತ್ತಿ 93 ಜನ ಸತ್ತರು. ರಕ್ಷಣೆಗೆ ಇಳಿದವರೂ ಅದರಲ್ಲಿ ಸೇರಿದ್ದಾರೆ. ಬೆಂಕಿ ಆರಲಿಲ್ಲ. ಕೊನೆಗೆ ಗಣಿಗೆ ನೀರು ತುಂಬಿಸಬೇಕಾಯಿತು. ಕೆಳಗೆ ಉಳಿದವರು ಇನ್ನೂ ಸಿಕ್ಕಿರಲಿಲ್ಲ. ನೀರು ಬಿಡಲು ಅವರ ಮನೆಯವರ ಒಪ್ಪಿಗೆ ಕೇಳಿದರು. ಅದೇ ಡಿಸೆಂಬರ್‌ನಲ್ಲಿ ಕಂಪನಿ ಮುಳುಗಿತು. 1990ಕ್ಕೆ ಊರಿನ ಕೊನೆಯ ಗಣಿಯೂ ಮುಚ್ಚಿತು.

ಬಿಲ್ ಮಾತ್ರ ಊರಲ್ಲೇ ಉಳಿಯಿತು. 171 ಹಾಸಿಗೆಯ ಆಸ್ಪತ್ರೆ 19 ಹಾಸಿಗೆಯ ಕ್ಲಿನಿಕ್ ಆಯಿತು. ಶಾಲೆಗಳು ಕೂಡಿ ಕೂಡಿ ಒಂದು ಪ್ರಾಥಮಿಕ, ಒಂದು ಮಾಧ್ಯಮಿಕ ಶಾಲೆಗೆ ಬಂದು ನಿಂತವು. ನಗರಸಭೆಯ ನೌಕರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೆಲಸ ಬಿಟ್ಟರು. ವರ್ಷಕ್ಕೆ ಸುಮಾರು 260 ಕೋಟಿ ಯೆನ್ ಕಂತು, 2027ರ ಮಾರ್ಚ್‌ವರೆಗೆ. ನನ್ನ ಜೊತೆ ಬಸ್ಸಿನಲ್ಲಿದ್ದ ಹುಡುಗ ಹುಟ್ಟುವ ಮೊದಲೇ ಆ ಜೈಂಟ್ ವೀಲ್ ನಿಂತುಹೋಗಿತ್ತು. ಸಾಲ ಅವನ ಹೆಸರಿಗೂ ಇದೆ.

ಹಿಂದಿರುಗುವ ಬಸ್ಸಿಗೆ ಇನ್ನೂ ಟೈಮಿತ್ತು. ಒಂದು ಉದ್ದನೆಯ ಸಾಲುಮನೆಯ ಮುಂದೆ ಅಜ್ಜಿಯೊಬ್ಬರು ಹಿಮ ತಳ್ಳುತ್ತಿದ್ದರು. ನಾಲ್ಕು ಬಾಗಿಲಲ್ಲಿ ಒಂದರ ಹತ್ತಿರ ಮಾತ್ರ ಸೀಮೆಎಣ್ಣೆ ಹೊಗೆ. ಕೈಯಲ್ಲಿ ದೊಡ್ಡ ಮೊರದ ಹಾಗಿರುವ ಸಾಧನ, ಎರಡು ಕೈಗೂ ಸೇರಿ ಒಂದೇ ಹಿಡಿ. ಅದನ್ನು ಇಲ್ಲಿ 'ಮಾಮಾಸಾನ್ ಡಂಪ್' ಅನ್ನುತ್ತಾರೆ, ಅಮ್ಮಂದಿರ ಟಿಪ್ಪರ್ ಲಾರಿ ಅಂತ ಇಟ್ಟುಕೊಳ್ಳಿ. ನಾನು ಕೊಡಿ ಅಂತ ಇಸಿದುಕೊಂಡು ಎತ್ತಲು ಹೋದೆ. ನಡು ಹಿಡಿಯಿತು. "ಎತ್ತಬಾರದು, ಜಾರಿಸಬೇಕು" ಅಂದರು.

ಪಕ್ಕದ ಖಾಲಿ ಮನೆಯ ಮುಂದೂ ಅವರೇ ದಾರಿ ಮಾಡಿದ್ದರು. ಯಾಕೆ ಅಂತ ಕೇಳಿದೆ. ಆ ಮನೆಯವರು ಕೆಳಗೆ ಶಿಮಿಜುಸಾವಾದ ಹೊಸ ಫ್ಲಾಟಿಗೆ ಹೋದರಂತೆ. ಅಲ್ಲೊಂದು ಇಲ್ಲೊಂದು ಮನೆಗೆ ನೀರು, ರಸ್ತೆ ಅಂತ ಖರ್ಚು ಮಾಡಲು ಆಗದೆ ನಗರಸಭೆ ಜನರನ್ನು ಒಂದೇ ಕಡೆ ಸೇರಿಸುತ್ತಿದೆ. "ಅವರದೂ ನಮ್ಮದೂ ಒಂದೇ ಚಾವಣಿ. ಆ ಕಡೆ ಹಿಮ ಕೂತರೆ ಈ ಕಡೆಯೂ ಕುಸಿಯುತ್ತೆ."

ನೀವು ಯಾವಾಗ ಹೋಗುತ್ತೀರಿ ಅಂದೆ.

"ಹಿಮ ಕರಗಲಿ, ನೋಡೋಣ" ಅಂದರು. ಹೋದ ವರ್ಷವೂ ಹಾಗೇ ಅಂದಿದ್ದೆ ಅಂತ ನಕ್ಕರು. ಆಮೇಲೆ ಒಳಗೆ ಕರೆದು ಬಚ್ಚಲ ಪಕ್ಕದ ಒಂದು ಹಿಡಿ ತೋರಿಸಿದರು. ರಾತ್ರಿ ಮಲಗುವ ಮುಂಚೆ ಅದನ್ನು ತಿರುಗಿಸಿ ಪೈಪಿನ ನೀರೆಲ್ಲ ಇಳಿಸಬೇಕು. ಒಂದು ರಾತ್ರಿ ಮರೆತರೂ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಬೆಳಿಗ್ಗೆ ಎದ್ದು ಮತ್ತೆ ತಿರುಗಿಸಿದರೆ ನಲ್ಲಿ ಸ್ವಲ್ಪ ಹೊತ್ತು ಕೆಮ್ಮುತ್ತದೆ, ಆಮೇಲೆ ನೀರು ಬರುತ್ತದೆ.